ಇಲಿಬೋನಿನ ಗೋಡೆ, ಹೆಂಚಿಟ್ಟ ತಾರಸಿ ಮತ್ತು ಅಪ್ಪನ ಪ್ರಶ್ನೆಗಳು

ಕೆಲವರಿಗೆ ಅಂಚೆಚೀಟಿ ಕೂಡಿಡುವ ಹುಚ್ಚು, ಕೆಲವರಿಗೆ ಹಳೇ ನಾಣ್ಯದ ಹುಚ್ಚು. ನನಗೆ ಎರಡು ವರ್ಷ ಹಿಡಿದಿದ್ದು ಗೋಡೆಯ ಹುಚ್ಚು. ಗೋಡೆ, ಸೂರು, ಕಿಟಕಿ, ಸಂಪು, ಚರಂಡಿ, ಫುಟ್‌ಪಾತು... ಎಲ್ಲಿಗೆ ಹೋದರೂ ಇವೇ ಕಣ್ಣಿಗೆ ಬೀಳುತ್ತಿದ್ದವು. ಮದುವೆಗೆ ಹೋದರೆ ಎಲ್ಲರೂ ಗಂಡು ಹೆಣ್ಣನ್ನು ನೋಡುತ್ತಿದ್ದರೆ ನಾನು ಛತ್ರದ ಮಾಡು ನೋಡುತ್ತಾ ನಿಂತಿರುತ್ತಿದ್ದೆ. "ಇವರಿಗೇನೋ ಆಗಿದೆ ಕಣೇ" ಅಂತ ನನ್ನ ಹೆಂಡತಿ ತನ್ನ ತಂಗಿಗೆ ಫೋನಿನಲ್ಲಿ ಹೇಳಿದ್ದೂ ಕಿವಿಗೆ ಬಿದ್ದಿದೆ.

ಹುಚ್ಚಿಗೆ ಕಾರಣ ಇತ್ತು. ಬೆಂಗಳೂರಿನ ಅಂಚಿನಲ್ಲಿ ನಮ್ಮದೊಂದು ಥರ್ಟಿ-ಫಾರ್ಟಿ ಸೈಟು. ಅಪ್ಪ ಮೇಷ್ಟ್ರ ಕೆಲಸದಿಂದ ನಿವೃತ್ತರಾದಾಗ ಬಂದ ದುಡ್ಡು, ಊರಲ್ಲಿ ಅರ್ಧ ಎಕರೆ ತೆಂಗಿನ ತೋಟ ಮಾರಿದ ದುಡ್ಡು, ನನ್ನ ಬ್ಯಾಂಕ್ ಸಾಲ, ಈ ಮೂರೂ ಸೇರಿ ಒಂದು ಮನೆ ಆಗಬೇಕಿತ್ತು. ಇನ್ನೊಂದು ಸಲ ಕಟ್ಟುವ ಚೈತನ್ಯ ನಮ್ಮಲ್ಲಿ ಯಾರಿಗೂ ಇಲ್ಲ. ಆಗ ನಾವಿದ್ದದ್ದು ಬಾಡಿಗೆ ಮನೆಯ ಮೇಲಿನ ಮಹಡಿ. ಏಪ್ರಿಲ್ ತಿಂಗಳ ಮಧ್ಯಾಹ್ನ ತಾರಸಿ ಕಾದ ಹೆಂಚಾಗಿರುತ್ತಿತ್ತು. ಅಮ್ಮನಿಗೆ ಬಿ.ಪಿ. ಇದೆ. ನೆಲ ಒರೆಸಿ, ಒದ್ದೆ ಟವೆಲ್ ಹಾಸಿಕೊಂಡು ಅದರ ಮೇಲೆ ಮಲಗುತ್ತಿದ್ದಳು. ಫ್ಯಾನ್ ಹಾಕಿದರೆ ಬಿಸಿಗಾಳಿಯೇ ತಿರುಗುತ್ತಿತ್ತು. ಅದರ ಮೇಲೆ 2024ರ ಮಾರ್ಚ್ ಬಂತು. ಬೋರ್‌ವೆಲ್‌ಗಳು ಬತ್ತಿ, ಊರೆಲ್ಲ ಟ್ಯಾಂಕರ್ ಹಿಂದೆ ಓಡಿದ ಆ ದಿನಗಳು ನಿಮಗೂ ನೆನಪಿರಬೇಕು. ರಾತ್ರಿ ಹನ್ನೊಂದಕ್ಕೆ ಟ್ಯಾಂಕರ್ ಬರುತ್ತೆ ಅಂತ ಅಪ್ಪ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು.

ಹೀಗಾಗಿ ನನ್ನ ಮುಂದೆ ಎರಡೇ ಪ್ರಶ್ನೆ. ಬಿಸಿಲಿಗೆ ಏನು ಮಾಡೋದು? ನೀರಿಗೆ ಏನು ಮಾಡೋದು? ಇವಕ್ಕೆ ಉತ್ತರ ಹುಡುಕುತ್ತಾ ಹೋದಾಗ ಸಿಕ್ಕ ಕೆಲವು ಸ್ವಾರಸ್ಯದ ಸಂಗತಿಗಳನ್ನು ಬರೆಯುತ್ತಿದ್ದೇನೆ. ನಾನು ಎಂಜಿನಿಯರ್ ಅಲ್ಲ, ಲೆಕ್ಕಪತ್ರ ಓದಿಕೊಂಡವನು. ಹಾಗಾಗಿ ಅಲ್ಲಲ್ಲಿ ಲೆಕ್ಕ ಜಾಸ್ತಿ ಬಂದರೆ ಸಹಿಸಿಕೊಳ್ಳಿ :-)

* * *

ಮೊದಲು ಸಿಕ್ಕವರು ಲಾರಿ ಬೇಕರ್. 1917ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದವರು. ಓದಿದ್ದು ವಾಸ್ತುಶಿಲ್ಪ. ಎರಡನೇ ಮಹಾಯುದ್ಧದ ಕಾಲದಲ್ಲಿ ಚೀನಾಕ್ಕೆ ಹೋಗಿ ಕುಷ್ಠರೋಗಿಗಳ ಸೇವೆ ಮಾಡಿದರು. ವಾಪಸ್ ಹೋಗುವಾಗ ಹಡಗಿಗಾಗಿ ಮುಂಬೈಯಲ್ಲಿ ಕಾಯಬೇಕಾಯಿತು, ಆಗ ಗಾಂಧೀಜಿಯ ಪರಿಚಯವಾಯಿತು. ಮನೆ ಕಟ್ಟುವ ಸಾಮಾನೆಲ್ಲ ಸುತ್ತ ಐದು ಮೈಲಿಯೊಳಗೆ ಸಿಗುವಂಥದ್ದಾಗಿರಬೇಕು ಅನ್ನುವ ಗಾಂಧೀಜಿಯ ಮಾತು ಬೇಕರ್ ತಲೆಯಲ್ಲಿ ಉಳಿದುಬಿಟ್ಟಿತು. 1945ರಲ್ಲಿ ಮತ್ತೆ ಭಾರತಕ್ಕೆ ಬಂದವರು ಕೇರಳದ ವೈದ್ಯೆಯೊಬ್ಬರನ್ನು ಮದುವೆಯಾಗಿ ಇಲ್ಲಿಯವರೇ ಆದರು. ಹಿಮಾಲಯದ ಪಿಥೋರಾಗಢದಲ್ಲಿ ಎಷ್ಟೋ ವರ್ಷ ಇದ್ದು, ಅಲ್ಲಿನ ಜನ ಕಲ್ಲು ಮಣ್ಣಿನಲ್ಲಿ ಹೇಗೆ ಕಟ್ಟುತ್ತಾರೆ ಅಂತ ನೋಡಿ ಕಲಿತರು. ಆಮೇಲೆ ತಿರುವನಂತಪುರಕ್ಕೆ ಬಂದು, 2007ರಲ್ಲಿ ತೀರಿಕೊಳ್ಳುವವರೆಗೂ ಬಡವರಿಗೆ, ಮಧ್ಯಮ ವರ್ಗದವರಿಗೆ ಕಡಿಮೆ ಖರ್ಚಿನ ಮನೆಗಳನ್ನು ಕಟ್ಟಿಕೊಡುತ್ತಾ ಬಂದರು.

ಅವರು ಜನಪ್ರಿಯಗೊಳಿಸಿದ ಒಂದು ಗೋಡೆ ಇದೆ. ಹೆಸರು ರ್‍ಯಾಟ್ ಟ್ರ್ಯಾಪ್ ಬಾಂಡ್, ಅಂದರೆ ಇಲಿಬೋನಿನ ಕಟ್ಟು. ಮಾಮೂಲಿಯಾಗಿ ನಾವು ಇಟ್ಟಿಗೆಯನ್ನು ಮಲಗಿಸಿ ಕಟ್ಟುತ್ತೇವೆ, ಅಲ್ವಾ? ಇಲ್ಲಿ ಇಟ್ಟಿಗೆಯನ್ನು ಮಗ್ಗುಲಿನ ಮೇಲೆ ನಿಲ್ಲಿಸುತ್ತಾರೆ. ಗೋಡೆಯ ಹೊರಗಡೆಗೊಂದು ಸಾಲು, ಒಳಗಡೆಗೊಂದು ಸಾಲು, ನಡುವೆ ಮೂರು ಇಂಚಿನಷ್ಟು ಖಾಲಿ ಜಾಗ. ಎರಡೂ ಸಾಲನ್ನು ಹಿಡಿದಿಡಲು ನಡುನಡುವೆ ಅಡ್ಡಕ್ಕೊಂದು ಇಟ್ಟಿಗೆ. ಮೇಲಿನಿಂದ ನೋಡಿದರೆ ಸಾಲಾಗಿ ಇಲಿಬೋನು ಇಟ್ಟ ಹಾಗೆ ಕಾಣುತ್ತದೆ. ಗೋಡೆಯ ದಪ್ಪ ಅದೇ ಒಂಬತ್ತು ಇಂಚು, ಆದರೆ ಇಟ್ಟಿಗೆ ಸುಮಾರು ಕಾಲು ಭಾಗ ಉಳಿಯುತ್ತದೆ. ಗಾರೆಯೂ ಉಳಿಯುತ್ತದೆ. ಇದಕ್ಕಿಂತ ದೊಡ್ಡ ಲಾಭ ಅಂದರೆ ಒಳಗೆ ಸಿಕ್ಕಿಕೊಂಡ ಗಾಳಿ. ಬಿಸಿಲು ಹೊರಗಿನ ಇಟ್ಟಿಗೆಯನ್ನು ಕಾಯಿಸುತ್ತದೆ, ಆದರೆ ಆ ಕಾವು ಗಾಳಿಯನ್ನು ದಾಟಿ ಒಳಗೆ ಬರುವುದು ನಿಧಾನ. ಕಾಫಿ ಫ್ಲಾಸ್ಕಿಗೆ ಎರಡು ಗೋಡೆ ಇರೋದು ಯಾಕೆ ಅಂತ ಯೋಚಿಸಿ, ಹೆಚ್ಚುಕಡಿಮೆ ಅದೇ ತರ್ಕ.

ಎರಡನೆಯದು ಅವರ ತಾರಸಿ. ಅದಕ್ಕೆ ಫಿಲ್ಲರ್ ಸ್ಲ್ಯಾಬ್ ಅನ್ನುತ್ತಾರೆ. ಆರ್‌ಸಿಸಿ ತಾರಸಿ ಭಾರಕ್ಕೆ ಒಂಚೂರು ಬಾಗುತ್ತದೆ. ಬಾಗಿದಾಗ ಮೇಲಿನ ಅರ್ಧ ಅಮುಕಿಕೊಳ್ಳುತ್ತದೆ, ಕೆಳಗಿನ ಅರ್ಧ ಎಳೆದುಕೊಳ್ಳುತ್ತದೆ. ಕಾಂಕ್ರೀಟು ಅಮುಕುವುದಕ್ಕೆ ಗಟ್ಟಿ, ಎಳೆಯುವುದಕ್ಕೆ ಪುಕ್ಕಲು. ಅದಕ್ಕೇ ಕೆಳಗಡೆ ಕಬ್ಬಿಣ ಹಾಕುವುದು. ಎಳೆತವನ್ನೆಲ್ಲ ಕಬ್ಬಿಣವೇ ಹೊರುತ್ತಿದ್ದರೆ ಅಲ್ಲಿ ಕಂಬಿಗಳ ನಡುವೆ ತುಂಬಿರುವ ಕಾಂಕ್ರೀಟಿಗೆ ಏನು ಕೆಲಸ? ಹೆಚ್ಚೇನಿಲ್ಲ! ಸಂಬಳ ತೆಗೆದುಕೊಂಡು ಸುಮ್ಮನೆ ಕೂತ ನೌಕರನ ಹಾಗೆ. ಅದರ ಬದಲು ಅಲ್ಲಿ ಮಂಗಳೂರು ಹೆಂಚು ಇಟ್ಟುಬಿಡಿ ಅಂದರು ಬೇಕರ್. ಎರಡು ಹೆಂಚನ್ನು ಮುಖಕ್ಕೆ ಮುಖ ಮಾಡಿ ಇಟ್ಟರೆ ನಡುವೆ ಗಾಳಿಯೂ ನಿಲ್ಲುತ್ತದೆ. ಕಾಂಕ್ರೀಟು ಉಳಿಯಿತು, ತಾರಸಿಯ ಭಾರ ಇಳಿಯಿತು, ಬಿಸಿಲಿನ ಕಾವೂ ತಗ್ಗಿತು. ಕೆಳಗೆ ಮಲಗಿ ನೋಡಿದರೆ ಕೆಂಪು ಹೆಂಚಿನ ಸಾಲು ಕಾಣುತ್ತದೆ, ಅದು ಪುಕ್ಕಟೆ ಅಲಂಕಾರ.

ಜಗತ್ತಿನಲ್ಲಿ ಮನುಷ್ಯರಿಂದ ಗಾಳಿಗೆ ಸೇರುವ ಇಂಗಾಲದ ಡೈಆಕ್ಸೈಡಿನಲ್ಲಿ ಶೇಕಡಾ 7-8ರಷ್ಟು ಸಿಮೆಂಟ್ ತಯಾರಿಕೆಯಿಂದಲೇ ಬರುತ್ತದೆ. ಹಾಗಿರುವಾಗ ಕೆಲಸವಿಲ್ಲದ ಜಾಗಕ್ಕೆ ಸಿಮೆಂಟು ಸುರಿಯದೇ ಇರುವುದು ಜಿಪುಣತನ ಅಲ್ಲ, ಜಾಣತನ. ಇನ್ನು ಮಂಗಳೂರು ಹೆಂಚಿನದೇ ಒಂದು ಕಥೆ. 1860ರ ದಶಕದಲ್ಲಿ ಬಾಸೆಲ್ ಮಿಷನ್ನಿನವರು ನೇತ್ರಾವತಿ ದಂಡೆಯ ಜೇಡಿಮಣ್ಣು ನೋಡಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಅಲ್ಲಿಂದ ಹೊರಟ ಹೆಂಚು ದೇಶದ ಮೂಲೆ ಮೂಲೆಗೂ, ಸಮುದ್ರ ದಾಟಿಯೂ ಹೋಯಿತು. ಈಗ ಹಳೇ ಮನೆ ಕೆಡವುವಾಗ ಅದೇ ಹೆಂಚು ರಾಶಿ ರಾಶಿ ಬೀಳುತ್ತಿದೆ. ಅದನ್ನೇ ತಂದು ಹೊಸ ತಾರಸಿಯ ಹೊಟ್ಟೆಯೊಳಗೆ ಇಡಬಹುದು.

ಇಷ್ಟೆಲ್ಲ ಓದಿಕೊಂಡು, ಹುರುಪಿನಿಂದ ಒಂದು ಭಾನುವಾರ ಅಪ್ಪನ ಮುಂದೆ ಚಿತ್ರ ಬರೆದು ವಿವರಿಸಿದೆ. ಅಪ್ಪ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತಾ ಕೇಳಿದರು.

"ನಲವತ್ತು ವರ್ಷ ಹೆಂಚಿನ ಮನೇಲಿ, ಸೋರೋ ಜಾಗಕ್ಕೆಲ್ಲಾ ಪಾತ್ರೆ ಇಟ್ಕೊಂಡು ಬದುಕಿದ್ದೀವಿ. ತೋಟ ಮಾರಿ ಮತ್ತೆ ಹೆಂಚಿಗೇ ಬರಬೇಕೇನಪ್ಪಾ?"

ಈ ಪ್ರಶ್ನೆಯನ್ನು ಯಾವ ವಾಸ್ತುಶಿಲ್ಪದ ಪುಸ್ತಕದಲ್ಲೂ ನಾನು ನೋಡಿರಲಿಲ್ಲ. ನಮ್ಮ ಕಡೆ ಹಳ್ಳಿಗಳಲ್ಲಿ ತಾರಸಿ ಮನೆ ಅಂದರೆ ಬರೀ ಮನೆ ಅಲ್ಲ. ಮಳೆಗಾಲದಲ್ಲಿ ನಿದ್ದೆ ಮಾಡಬಹುದು ಅನ್ನುವ ಧೈರ್ಯ, ಮಗಳಿಗೆ ಒಳ್ಳೇ ಸಂಬಂಧ ಬರುತ್ತೆ ಅನ್ನುವ ನಂಬಿಕೆ. ಪ್ಲಾಸ್ಟರಿಂಗ್ ಮಾಡದ ಇಟ್ಟಿಗೆ ಗೋಡೆ ಅಂದರೆ ದುಡ್ಡು ಸಾಲದೆ ಅರ್ಧಕ್ಕೆ ನಿಲ್ಲಿಸಿದ ಮನೆ. ಪೇಟೆಯಲ್ಲಿ ಕಾಲೇಜು ಓದಿದವರಿಗೆ ಕೆಂಪು ಇಟ್ಟಿಗೆ ಚಂದ ಕಾಣಬಹುದು. ಆದರೆ ಜೀವಮಾನವಿಡೀ ಅದರಿಂದ ತಪ್ಪಿಸಿಕೊಳ್ಳಲು ದುಡಿದವರಿಗೆ ಅದನ್ನೇ ತಂದು "ಪರಿಸರಸ್ನೇಹಿ" ಅಂತ ಕೊಟ್ಟರೆ ಸಿಟ್ಟು ಬರದೆ ಇರುತ್ತದೆಯೇ? ಅಪ್ಪ ಸಿಟ್ಟು ಮಾಡಿಕೊಳ್ಳಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾಯಿತು.

ನಾನು ಮತ್ತೆ ವಾದ ಮಾಡಲಿಲ್ಲ. ಆ ಡಿಸೆಂಬರಿನಲ್ಲಿ ಅಪ್ಪ ಅಮ್ಮನಿಗೆ ಕನ್ಯಾಕುಮಾರಿ ತೋರಿಸುವುದು ಹೇಗೂ ಬಾಕಿ ಇತ್ತು. ದಾರಿಯಲ್ಲಿ ತಿರುವನಂತಪುರದಲ್ಲಿ ಇಳಿದು, ತಂಪಾನೂರಿನ ಬಸ್ ನಿಲ್ದಾಣದ ಪಕ್ಕದ ಇಂಡಿಯನ್ ಕಾಫಿ ಹೌಸಿಗೆ ಕರೆದುಕೊಂಡು ಹೋದೆ. ಅದೂ ಬೇಕರ್ ಕಟ್ಟಿದ್ದೇ. ಹೊರಗಿನಿಂದ ಕೆಂಪು ಇಟ್ಟಿಗೆಯ ದುಂಡನೆ ಗೋಪುರದ ಹಾಗಿದೆ. ಒಳಗೆ ಮೆಟ್ಟಿಲೂ ಇಲ್ಲ, ಮಹಡಿಯೂ ಇಲ್ಲ. ಶಂಖದ ಹಾಗೆ ಸುತ್ತುತ್ತಾ ಮೇಲೇರುವ ಒಂದೇ ಇಳಿಜಾರು ನೆಲ, ಅದರ ಅಂಚಿಗೆ ಗಾರೆಯಲ್ಲೇ ಕಟ್ಟಿದ ಮೇಜು, ಬೆಂಚು. ಗೋಡೆ ತುಂಬಾ ಇಟ್ಟಿಗೆ ಬಿಟ್ಟು ಬಿಟ್ಟು ಮಾಡಿದ ಕಿಂಡಿಗಳು. ಬಿಸಿಲು ಚೂರು ಚೂರಾಗಿ ಒಳಗೆ ಬರುತ್ತದೆ, ಗಾಳಿ ಸಲೀಸಾಗಿ ಬರುತ್ತದೆ. ಅಪ್ಪ ಕಾಫಿ ಕುಡಿದು ಸ್ವಲ್ಪ ಹೊತ್ತು ಕಿಂಡಿಗೆ ಕೈ ಒಡ್ಡಿಕೊಂಡು ಕೂತರು. ಬಿಲ್ ಕೊಟ್ಟು ಹೊರಗೆ ಬಂದ ಮೇಲೆ ಒಂದೇ ಮಾತು ಹೇಳಿದರು, "ಇಲ್ಲಿ ಬಂದವರು ಯಾರೂ ಇದನ್ನ ಅರ್ಧಕ್ಕೆ ನಿಂತ ಕಟ್ಟಡ ಅಂದ್ಕೊಳ್ಳಲ್ಲ, ಅಲ್ವಾ?"

ಊರಿಗೆ ಬಂದ ಮೇಲೆ ಒಪ್ಪಂದವಾಯಿತು. ರಸ್ತೆಗೆ ಕಾಣುವ ಮುಂದಿನ ಗೋಡೆಗೆ ಪ್ಲಾಸ್ಟರಿಂಗ್, ಬಣ್ಣ ಎಲ್ಲ ಅಪ್ಪನ ಇಷ್ಟದಂತೆ. ಬಿಸಿಲು ಬೀಳುವ ಪಶ್ಚಿಮ, ದಕ್ಷಿಣದ ಗೋಡೆಗಳು ಇಲಿಬೋನು. ಮೇಲಿನ ತಾರಸಿಗೆ ಹೆಂಚು. ಸೋರಿದರೆ ಹೊಣೆ ನನ್ನದು.

* * *

ಮೊದಲು ಮಾತಾಡಿಸಿದ ಎಂಜಿನಿಯರ್ "ಇದೆಲ್ಲ ರಿಸ್ಕು ಸಾರ್, ಸಾಲಿಡ್ ಬ್ಲಾಕ್‌ನಲ್ಲಿ ಮುಗಿಸಿ" ಅಂದುಬಿಟ್ಟರು. ಎರಡನೆಯವರು ಇಂಥ ಕೆಲಸ ಮಾಡಿದ್ದವರು, ನಕ್ಷೆ ಬರೆದು ಸಹಿ ಹಾಕಿದರು. ಆದರೆ ಗೋಡೆ ಕಟ್ಟುವವರು ಎಂಜಿನಿಯರ್ ಅಲ್ಲವಲ್ಲ, ಮೇಸ್ತ್ರಿ. ಮೂವತ್ತು ವರ್ಷ ಕರಣೆ ಹಿಡಿದ ಕೈ. ಮಾದರಿಗೆ ಅಂತ ಮೂರಡಿ ಗೋಡೆ ಕಟ್ಟಿಸಿದಾಗ ಸುತ್ತ ಒಂದು ಸುತ್ತು ಬಂದು, "ಸಾರ್, ಇದು ಗೋಡೇನಾ ಪಂಜರಾನಾ?" ಅಂದರು. ಆಳುಗಳೆಲ್ಲ ನಕ್ಕರು.

ಕಷ್ಟ ಬಂದದ್ದು ಅಭ್ಯಾಸಬಲದಿಂದ. ಕರಣೆಯಲ್ಲಿ ಗಾರೆ ಎತ್ತಿ ಉದ್ದಕ್ಕೂ ಎಳೆಯುವುದು ಅವರ ಕೈಗೆ ಅಂಟಿದ ಚಾಳಿ. ಹಾಗೆ ಎಳೆದರೆ ನಡುವಿನ ಖಾಲಿ ಜಾಗಕ್ಕೆಲ್ಲ ಗಾರೆ ಬಿದ್ದು, ಉಳಿಸಬೇಕಾದ ಸಿಮೆಂಟು ಅಲ್ಲೇ ಹೋಗುತ್ತದೆ, ಗಾಳಿಯ ಜಾಗವೂ ಮುಚ್ಚುತ್ತದೆ. ಮೂರಿಂಚು ಅಗಲದ ಒಂದು ಪಟ್ಟಿಯನ್ನು ಆ ಸಂದಿನ ಮೇಲೆ ಇಟ್ಟು, ಗಾರೆ ಹಾಕಿ, ಆಮೇಲೆ ಪಟ್ಟಿಯನ್ನು ಮುಂದಕ್ಕೆ ಸರಿಸಿಕೊಂಡು ಹೋಗಬೇಕು. ಮೊದಲ ದಿನ ಗೊಣಗಿದರು. ನಾಲ್ಕನೇ ದಿನಕ್ಕೆ ಪಟ್ಟಿಗೆ ಒಂದು ಹಿಡಿ ಹೊಡೆದು ತಂದಿದ್ದರು, ಅದು ಅವರದೇ ಐಡಿಯಾ. ಇಟ್ಟಿಗೆಯೂ ಒಂದೇ ಅಳತೆಯದ್ದಾಗಬೇಕು, ಇಲ್ಲದಿದ್ದರೆ ಗೋಡೆ ಕಣ್ಣಿಗೆ ಸೊಟ್ಟ ಕಾಣುತ್ತದೆ. ಮಾಲೂರಿನ ಕಡೆಯಿಂದ ಬಂದ ಲೋಡಿನಲ್ಲಿ ಅಮ್ಮ ಮತ್ತು ನನ್ನ ಹೆಂಡತಿ ಕೂತು ಅಕ್ಕಿ ಆರಿಸಿದ ಹಾಗೆ ಇಟ್ಟಿಗೆ ಆರಿಸಿದರು. ಕೆಲಸ ಸ್ವಲ್ಪ ನಿಧಾನ, ಹಾಗಾಗಿ ಇಟ್ಟಿಗೆಯಲ್ಲಿ ಉಳಿದದ್ದರಲ್ಲಿ ಒಂದಷ್ಟು ಕೂಲಿಗೆ ಹೋಯಿತು. ಅದು ಸರಿಯಾಗಿಯೇ ಇದೆ. ಗೂಡಿಗೆ ಹಾಕುವ ಸೌದೆಗೆ ಹೋಗುವ ದುಡ್ಡು ಮನುಷ್ಯನ ಕೈಗೆ ಹೋದರೆ ತಪ್ಪೇನು?

* * *

ತಾರಸಿಯ ಮೇಲ್ಮೈಗೆ ಏನು ಮಾಡೋದು ಅನ್ನುವಾಗ ಸಿಕ್ಕಿದ್ದು ಬಿ.ವಿ. ದೋಶಿ. 2018ರಲ್ಲಿ ವಾಸ್ತುಶಿಲ್ಪದ ನೊಬೆಲ್ ಅಂತ ಕರೆಯುವ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯ, 2023ರಲ್ಲಿ ತೀರಿಕೊಂಡರು. ಬನ್ನೇರುಘಟ್ಟ ರಸ್ತೆಯ ಐಐಎಂ ಕ್ಯಾಂಪಸ್ ನೋಡಿದ್ದೀರಾ? ಒರಟು ಗ್ರಾನೈಟ್ ಕಲ್ಲಿನ ಗೋಡೆ, ಬಳ್ಳಿ ಹಬ್ಬಿದ ಉದ್ದುದ್ದ ಓಣಿಗಳು, ನೆರಳು ಬೆಳಕಿನ ಆಟ... ಅದು ದೋಶಿಯವರದೇ. ಅಹಮದಾಬಾದಿನ ಬಿಸಿಲಲ್ಲಿ ತಮ್ಮ ಸ್ವಂತ ಕಚೇರಿ "ಸಂಗಾತ್" ಕಟ್ಟುವಾಗ (1980) ಅವರು ಅರ್ಧ ಕಟ್ಟಡವನ್ನು ನೆಲದೊಳಗೆ ಇಳಿಸಿ, ಮೇಲಿನ ಕಮಾನು ಸೂರಿಗೆ ಒಡೆದ ಪಿಂಗಾಣಿಯ ಬಿಳೀ ಚೂರುಗಳನ್ನು ಅಂಟಿಸಿದರು. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಅಟ್ಟುತ್ತದೆ, ಪಿಂಗಾಣಿಗೆ ನೀರು ಇಳಿಯುವುದಿಲ್ಲ.

ನಮ್ಮ ಮೇಸ್ತ್ರಿಗೆ ಇದು ಹೊಸದಾಗಿರಲಿಲ್ಲ. "ಚೈನಾ ಮೊಸಾಯಿಕ್ ತಾನೇ ಸಾರ್? ಅಂಗಡಿಯವರು ಒಡೆದ ಟೈಲ್ಸ್ ಬಿಸಾಕ್ತಾರೆ, ತಂದು ಹಾಕೋಣ" ಅಂದರು. ದೋಶಿಯವರ ಹೆಸರು ಕೇಳದೆಯೇ ಅವರ ಪಾಠ ಮೇಸ್ತ್ರಿಗೆ ಗೊತ್ತಿತ್ತು. ಅಥವಾ ಇಂಥ ಮೇಸ್ತ್ರಿಗಳಿಂದಲೇ ದೋಶಿ ಕಲಿತಿರಬಹುದು, ಯಾರಿಗೆ ಗೊತ್ತು! ಹೆಂಚು, ಗಾಳಿ, ಕಾಂಕ್ರೀಟು, ಅದರ ಮೇಲೆ ಬಿಳೀ ಚೂರು, ಇಷ್ಟು ಪದರ ದಾಟಿ ಬಿಸಿಲು ಅಮ್ಮನ ಕೋಣೆಗೆ ಬರಬೇಕು.

ಇನ್ನು ರಾತ್ರಿಯ ತಂಪನ್ನು ಹಗಲಿಗೆ ಉಳಿಸಿಕೊಳ್ಳುವ ವಿಷಯ. ಇದಕ್ಕೆ ಆಫ್ರಿಕಾದವರೆಗೆ ಹೋಗಬೇಕು. ಜಿಂಬಾಬ್ವೆಯ ಹರಾರೆಯಲ್ಲಿ ಈಸ್ಟ್‌ಗೇಟ್ ಅಂತ ಒಂದು ದೊಡ್ಡ ಅಂಗಡಿ ಮತ್ತು ಕಚೇರಿಗಳ ಕಟ್ಟಡ ಇದೆ, 1996ರಲ್ಲಿ ತೆರೆದದ್ದು. ವಿನ್ಯಾಸ ಮಿಕ್ ಪಿಯರ್ಸ್ ಅವರದು. ಮಾಮೂಲಿ ಏರ್‌ಕಂಡೀಷನಿಂಗ್ ಇಲ್ಲ. ರಾತ್ರಿ ಹೊರಗಿನ ತಣ್ಣನೆ ಗಾಳಿಯನ್ನು ಫ್ಯಾನುಗಳು ನೆಲದ ಟೊಳ್ಳುಗಳ ಮೂಲಕ ಓಡಿಸುತ್ತವೆ. ದಪ್ಪನೆ ಕಾಂಕ್ರೀಟು ರಾತ್ರಿಯಿಡೀ ತಣಿದು, ಹಗಲಲ್ಲಿ ಒಳಗಿನ ಕಾವನ್ನು ಹೀರಿಕೊಳ್ಳುತ್ತದೆ. ಬಿಸಿಗಾಳಿ ಮೇಲಿನ ಚಿಮಣಿಗಳಿಂದ ಹೊರಗೆ ಹೋಗುತ್ತದೆ. ಪಿಯರ್ಸ್‌ಗೆ ಈ ಯೋಚನೆ ಬಂದದ್ದು ಗೆದ್ದಲಿನ ಹುತ್ತದಿಂದ.

ಇದರಲ್ಲಿ ಇನ್ನೊಂದು ತಮಾಷೆ ಇದೆ. ಹುತ್ತದೊಳಗೆ ಬಿಸಿಗಾಳಿ ಮೇಲೇರಿ, ತಣ್ಣನೆ ಗಾಳಿ ಕೆಳಗಿನಿಂದ ಬಂದು ಗೂಡು ತಂಪಾಗಿರುತ್ತದೆ ಅನ್ನುವುದು ಆಗಿನ ತಿಳಿವಳಿಕೆ. ಆಮೇಲೆ ಸ್ಕಾಟ್ ಟರ್ನರ್, ರೂಪರ್ಟ್ ಸೋರ್ ಅನ್ನುವ ಸಂಶೋಧಕರು ಹುತ್ತಗಳನ್ನೇ ಕೂಲಂಕಷವಾಗಿ ನೋಡಿ, ಗೂಡಿನ ತಂಪಿಗೆ ಮುಖ್ಯ ಕಾರಣ ಸುತ್ತಲಿನ ನೆಲ, ಹುತ್ತ ನಿಜವಾಗಿ ಮಾಡುವುದು ಶ್ವಾಸಕೋಶದ ಕೆಲಸ ಅಂತ ತೋರಿಸಿದರು. ಅಂದರೆ ಗೆದ್ದಲಿನ ಬಗ್ಗೆ ತಿಳಿದದ್ದು ಪೂರ್ತಿ ಸರಿ ಇರಲಿಲ್ಲ, ಆದರೆ ಅದರಿಂದ ಹುಟ್ಟಿದ ಕಟ್ಟಡ ಚೆನ್ನಾಗಿಯೇ ಕೆಲಸ ಮಾಡುತ್ತಿದೆ! ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡ ಗಾದೆ ನಮ್ಮಲ್ಲಿದೆ. ಇಲ್ಲಿ ಹುತ್ತಕ್ಕೆ ಸೇರಿಕೊಂಡವರು ಎಂಜಿನಿಯರ್‌ಗಳು.

ಹರಾರೆ ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿದೆ, ಬೆಂಗಳೂರು ಸುಮಾರು 900. ಎರಡೂ ಕಡೆ ಹಗಲು ಎಷ್ಟೇ ಉರಿದರೂ ರಾತ್ರಿ ತಣ್ಣಗಾಗುತ್ತದೆ. ದೇವರು ಪುಕ್ಕಟೆ ಕೊಟ್ಟ ಈ ರಾತ್ರಿಯ ತಂಪನ್ನು ಬಿಟ್ಟು, ಊರ ತುಂಬಾ ಗಾಜಿನ ಕಟ್ಟಡ ಕಟ್ಟಿ, ಬಿಸಿಲನ್ನು ಒಳಗೆ ಕೂಡಿಹಾಕಿ, ಮತ್ತೆ ಅದನ್ನು ಓಡಿಸಲು ಕರೆಂಟು ಸುಡುತ್ತೇವಲ್ಲ, ಅದಕ್ಕೆ ಏನನ್ನಬೇಕು? ನಾವು ಮಾಡಿದ್ದು ಇಷ್ಟೇ. ಮೆಟ್ಟಿಲಿನ ನೆತ್ತಿಯಲ್ಲಿ ಸೊಳ್ಳೆಪರದೆ ಹಾಕಿದ ದೊಡ್ಡ ಗವಾಕ್ಷಿ ಇಟ್ಟೆವು. ರಾತ್ರಿ ಕೆಳಗಿನ ಕಿಟಕಿಗಳನ್ನೂ ಅದನ್ನೂ ತೆರೆದಿಟ್ಟರೆ ಮನೆಯ ಬಿಸಿಗಾಳಿ ಮೇಲಕ್ಕೆ ಹೋಗುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಎಲ್ಲ ಮುಚ್ಚಿಬಿಡುವುದು. "ಇದನ್ನ ಹೇಳೋಕೆ ಆಫ್ರಿಕಾ ಬೇಕಿತ್ತಾ? ನಮ್ಮತ್ತೆ ದಿನಾ ಮಾಡ್ತಿದ್ರು" ಅಂದಳು ಅಮ್ಮ.

* * *

ಈಗ ನೀರು. ಬೆಂಗಳೂರಿಗೆ ಕಾವೇರಿ ಬರುವುದು ಸುಮಾರು ನೂರು ಕಿಲೋಮೀಟರ್ ದೂರದಿಂದ, ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಎತ್ತರಕ್ಕೆ ಹತ್ತಿಕೊಂಡು. 2024ರ ಅಕ್ಟೋಬರಿನಲ್ಲಿ ಐದನೇ ಹಂತವೂ ಉದ್ಘಾಟನೆಯಾಯಿತು. ಅಷ್ಟು ಕಷ್ಟಪಟ್ಟು ಬಂದ ನೀರು ಒಂದು ಕಡೆ, ಪುಕ್ಕಟೆ ಆಕಾಶದಿಂದ ಬಿದ್ದು ಚರಂಡಿಗೆ ಹೋಗುವ ನೀರು ಇನ್ನೊಂದು ಕಡೆ.

ಲೆಕ್ಕ ಹಾಕೋಣ. ಬೆಂಗಳೂರಿನ ವಾರ್ಷಿಕ ಮಳೆ ಸರಾಸರಿ 970 ಮಿಲಿಮೀಟರ್ ಅಂತ ಇಟ್ಟುಕೊಳ್ಳಿ. ನಮ್ಮ ತಾರಸಿ ಸಾವಿರ ಚದರ ಅಡಿ, ಅಂದರೆ 93 ಚದರ ಮೀಟರ್. ಗುಣಿಸಿದರೆ ವರ್ಷಕ್ಕೆ ಸುಮಾರು 90,000 ಲೀಟರ್. ಆವಿಯಾಗಿದ್ದು, ಮೊದಲ ಮಳೆಯ ಕೊಳೆ ನೀರು ಬಿಟ್ಟದ್ದು ಅಂತ ಐದರಲ್ಲೊಂದು ಭಾಗ ಕಳೆಯಿರಿ, 72,000 ಲೀಟರ್ ಉಳಿಯಿತು. ಆರು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಹನ್ನೆರಡು ಟ್ಯಾಂಕರ್! ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನುವ ಸರ್ಕಾರಿ ಲೆಕ್ಕ ಹಿಡಿದರೂ ನಮ್ಮ ನಾಲ್ಕು ಜನಕ್ಕೆ 133 ದಿನದ ನೀರು. ಈ ಲೆಕ್ಕವನ್ನು ಅಪ್ಪನಿಗೆ ತೋರಿಸಿದಾಗ ಅವರು ಪೆನ್ ತೆಗೆದುಕೊಂಡು ತಾವೇ ಇನ್ನೊಂದು ಸಲ ಗುಣಿಸಿ ನೋಡಿದರು. ಮೇಷ್ಟ್ರಲ್ವಾ.

ಇದನ್ನು ಪೂರ್ತಿ ಬದುಕಿ ತೋರಿಸಿದವರು ನಮ್ಮ ಊರಲ್ಲೇ ಇದ್ದಾರೆ. ವಿಜ್ಞಾನಿ ಎ.ಆರ್. ಶಿವಕುಮಾರ್ ವಿಜಯನಗರದಲ್ಲಿ ತೊಂಬತ್ತರ ದಶಕದ ಮಧ್ಯದಲ್ಲಿ ಕಟ್ಟಿದ "ಸೌರಭ" ಅನ್ನುವ ಮನೆ ಮಳೆನೀರಿನ ಮೇಲೆಯೇ ನಡೆಯುತ್ತದೆ ಅಂತ ಪ್ರಸಿದ್ಧ. ಅವರು ಮೊದಲು ಮಾಡಿದ್ದು ಹಳೆಯ ಮಳೆಯ ಲೆಕ್ಕ ತೆಗೆದು ನೋಡಿದ್ದು. ಎರಡು ಒಳ್ಳೇ ಮಳೆಗಳ ನಡುವೆ ಹೆಚ್ಚೆಂದರೆ ಸುಮಾರು ನೂರು ದಿನದ ಅಂತರ ಇರುತ್ತದೆ ಅಂತ ಕಂಡಿತು. ಹಾಗಾದರೆ ವರ್ಷಕ್ಕಾಗುವಷ್ಟು ಕೂಡಿಡುವುದು ಬೇಕಿಲ್ಲ, ನೂರು ದಿನಕ್ಕಾದರೆ ಸಾಕು! 45,000 ಲೀಟರ್ ಹಿಡಿಯುವ ತೊಟ್ಟಿಗಳಲ್ಲಿ ಸಮಸ್ಯೆ ಮುಗಿಯಿತು. ಪ್ರಶ್ನೆಯನ್ನು ಸರಿಯಾಗಿ ಕೇಳಿಕೊಂಡರೆ ತೊಟ್ಟಿ ಎಷ್ಟು ಚಿಕ್ಕದಾಗುತ್ತದೆ ನೋಡಿ.

ನಮ್ಮ ಸೈಟಿನಲ್ಲಿ ಅಷ್ಟು ಜಾಗ ಇಲ್ಲ. 12,000 ಲೀಟರಿನ ಸಂಪು ಮಾತ್ರ ಸಾಧ್ಯವಾಯಿತು. ಅದು ತುಂಬಿ ಹರಿದದ್ದು ಎಲ್ಲಿಗೆ ಹೋಗಬೇಕು? ಗೇಟಿನ ಪಕ್ಕ ಮೂರಡಿ ಅಗಲ, ಇಪ್ಪತ್ತಡಿ ಆಳದ ಇಂಗುಬಾವಿ. ತೋಡಲು ಬಂದವರು ಭೋವಿ ಸಮುದಾಯದ ಇಬ್ಬರು ಅಣ್ಣತಮ್ಮಂದಿರು. ತಲತಲಾಂತರದಿಂದ ಬಾವಿ ತೋಡುವ ಕಸುಬು. ಬೋರ್‌ವೆಲ್ ಬಂದ ಮೇಲೆ ಕೆಲಸವೇ ಇರಲಿಲ್ಲ, ಈಗ ಇಂಗುಬಾವಿ ತೋಡುವವರು ಹೆಚ್ಚಾದ ಮೇಲೆ ಮತ್ತೆ ಕರೆ ಬರುತ್ತಿದೆ ಅಂದರು. ಒಬ್ಬ ಒಳಗೆ ಕೂತು ಗಡಾರಿಯಿಂದ ಅಗೆಯುವುದು, ಇನ್ನೊಬ್ಬ ಮೇಲಿನಿಂದ ಬುಟ್ಟಿ ಎಳೆಯುವುದು. ಮಣ್ಣಿನ ಬಣ್ಣ ನೋಡಿಯೇ "ಇಲ್ಲಿಂದ ನೀರು ಚೆನ್ನಾಗಿ ಹೀರ್ಕೊಳ್ಳುತ್ತೆ ಸಾಮಿ, ಇನ್ನೆರಡಡಿ ಹೋಗೋಣ" ಅನ್ನುತ್ತಿದ್ದರು. ಎರಡು ದಿನಕ್ಕೆ ಸಿಮೆಂಟ್ ರಿಂಗು ಇಳಿಸಿ ಕೆಲಸ ಮುಗಿಸಿದರು.

ಅವರು ಅಗೆಯುವುದನ್ನು ನೋಡುತ್ತಿದ್ದಾಗ ನನಗೆ ನೆನಪಾಗುತ್ತಿದ್ದದ್ದು ಬೀದರ್. ಬಹಮನಿಗಳ ಕಾಲದಲ್ಲಿ, ಹದಿನೈದನೇ ಶತಮಾನದಲ್ಲಿ, ಅಲ್ಲಿ ಕರೇಜ್ ಅನ್ನುವ ಸುರಂಗ ಕಾಲುವೆಗಳನ್ನು ತೋಡಿದರು. ಪರ್ಷಿಯಾದಲ್ಲಿ ಕನಾತ್ ಅಂತ ಕರೆಯುವ ತಂತ್ರ, ಅಲ್ಲಿನವನ್ನು 2016ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಎತ್ತರದ ಜಾಗದಲ್ಲಿ ನೆಲದೊಳಗಿನ ಒರತೆ ಹುಡುಕಿ, ಅಲ್ಲಿಂದ ಸಣ್ಣ ಇಳಿಜಾರಿನಲ್ಲಿ ಸುರಂಗ ತೋಡುತ್ತಾ ಹೋಗುವುದು, ನಡುನಡುವೆ ಗಾಳಿಗೆ, ಮಣ್ಣೆತ್ತಲು ಬಾವಿಯಂಥ ಕಿಂಡಿಗಳು. ಪಂಪಿಲ್ಲ, ಕರೆಂಟಿಲ್ಲ, ನೀರು ತಾನಾಗಿ ಹರಿದು ಊರಿಗೆ ಬರುತ್ತದೆ. ನೆಲದೊಳಗೆ ಇರುವುದರಿಂದ ಆವಿಯಾಗುವುದೂ ಇಲ್ಲ. ಬೀದರಿನ ಜಂಬಿಟ್ಟಿಗೆ ಕಲ್ಲು ಇದಕ್ಕೆ ಹೇಳಿ ಮಾಡಿಸಿದಂತಿದೆ, ಕಡಿಯಲು ಸುಲಭ, ಕುಸಿಯುವುದಿಲ್ಲ. ನೌಬಾದಿನ ಕರೇಜ್ ಸುಮಾರು ಮೂರು ಕಿಲೋಮೀಟರ್ ಉದ್ದ. ಬಹುಕಾಲ ಹೂಳು, ಕಸ ತುಂಬಿ ಜನರ ನೆನಪಿನಿಂದಲೇ ಹೋಗಿತ್ತು. 2010ರ ದಶಕದಲ್ಲಿ ಅದನ್ನು ಮತ್ತೆ ಗುರುತಿಸಿ ಹೂಳೆತ್ತುವ ಕೆಲಸ ಆಯಿತು. ಯೋಚಿಸಿ, ಊರವರ ಕಾಲ ಕೆಳಗೇ ನೀರಿನ ದಾರಿ ಇತ್ತು, ಅವರು ಅದರ ಮೇಲೆ ಕಸ ಹಾಕುತ್ತಿದ್ದರು.

* * *

ಮನೆ ಒಳಗೆ ಎಷ್ಟೇ ಜಾಣತನ ಮಾಡಿದರೂ ಗೇಟು ದಾಟಿದರೆ ರಸ್ತೆ. ಅಲ್ಲಿ ಒಬ್ಬನ ಜಾಣತನ ನಡೆಯುವುದಿಲ್ಲ.

ಬ್ರೆಜಿಲ್‌ನ ಕುರಿಟಿಬಾ ನಗರದ ಕಥೆ ನನಗೆ ಬಹಳ ಇಷ್ಟ. ಅಲ್ಲಿನ ಮೇಯರ್ ಜೈಮೆ ಲರ್ನರ್ ಸ್ವತಃ ವಾಸ್ತುಶಿಲ್ಪಿ. 1972ರಲ್ಲಿ ಊರಿನ ಮುಖ್ಯ ಅಂಗಡಿ ಬೀದಿಯನ್ನು ಕಾರುಗಳಿಂದ ಬಿಡಿಸಿ ನಡೆಯುವವರಿಗೆ ಕೊಡಬೇಕು ಅಂತ ನಿರ್ಧರಿಸಿದರು. ವ್ಯಾಪಾರ ಹಾಳಾಗುತ್ತದೆ ಅಂತ ಅಂಗಡಿಯವರ ವಿರೋಧ. ಶುಕ್ರವಾರ ಸಂಜೆ ಕೆಲಸ ಶುರು ಮಾಡಿ, ಯಾರಾದರೂ ಕೋರ್ಟಿಗೆ ಹೋಗುವುದರೊಳಗೆ, 72 ಗಂಟೆಯಲ್ಲಿ ಬೀದಿಯನ್ನು ಬದಲಾಯಿಸಿಬಿಟ್ಟರು! ಆಮೇಲೆ ಕಾರಿನವರು ಗುಂಪು ಕಟ್ಟಿಕೊಂಡು ಅಲ್ಲಿ ಕಾರು ನುಗ್ಗಿಸುತ್ತೇವೆ ಅಂದಾಗ, ನಗರಸಭೆಯವರು ರಸ್ತೆಯುದ್ದಕ್ಕೂ ಕಾಗದ ಹಾಸಿ, ಮಕ್ಕಳನ್ನು ಚಿತ್ರ ಬರೆಯಲು ಕೂರಿಸಿದರು. ಮಕ್ಕಳ ಮೇಲೆ ಯಾರು ಕಾರು ಹತ್ತಿಸುತ್ತಾರೆ? ವಿರೋಧಿಸಿದ್ದ ಅಂಗಡಿಯವರೇ ಆಮೇಲೆ ಇನ್ನೂ ಮುಂದಕ್ಕೆ ವಿಸ್ತರಿಸಿ ಅಂತ ಕೇಳಿದರು. 1974ರಿಂದ ಬಸ್ಸುಗಳಿಗೆ ಬೇರೆಯೇ ದಾರಿ ಮಾಡಿದ್ದೂ ಅವರೇ. ಈಗ ಆ ಊರಲ್ಲೂ ಕಾರುಗಳು ತುಂಬಿವೆ ಅನ್ನಿ. ನಗರ ಒಮ್ಮೆ ಮಾಡಿ ಮುಗಿಸುವ ಕೆಲಸ ಅಲ್ಲ, ದಿನಾ ಗುಡಿಸುವ ಅಂಗಳದ ಹಾಗೆ.

ನಮ್ಮಲ್ಲೂ ಚರ್ಚ್ ಸ್ಟ್ರೀಟನ್ನು 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ವಾಹನ ಬಿಡದೆ ನಡೆಯುವವರಿಗೆ ಬಿಟ್ಟಿದ್ದರು. ನಾನು ಆಗ ಹೋಗಿದ್ದೆ. ರಸ್ತೆಯ ಮಧ್ಯೆ ನಿಂತು ಐಸ್‌ಕ್ರೀಂ ತಿನ್ನುವುದರಲ್ಲಿ ಏನು ಸುಖ ಅಂತ ಅವತ್ತು ಗೊತ್ತಾಯಿತು. ಟೆಂಡರ್‌ಶೂರ್ ಅಂತ ಮಾಡಿದ ಕೆಲವು ರಸ್ತೆಗಳಲ್ಲಿ ಫುಟ್‌ಪಾತು ಅಗಲ ಮಾಡಿ, ಅದರ ಕೆಳಗೇ ಪೈಪು, ಕೇಬಲ್ಲುಗಳಿಗೆ ದಾರಿ ಬಿಟ್ಟಿದ್ದಾರೆ, ಪದೇ ಪದೇ ಅಗೆಯುವಂತಿಲ್ಲ. ಅಂಥ ಕಡೆ ವಯಸ್ಸಾದವರು ಕೈ ಹಿಡಿಯದೆ ನಡೆಯುವುದನ್ನು ನೋಡಿದರೆ ಇದೇನು ಅಸಾಧ್ಯವಾದದ್ದಲ್ಲ ಅನ್ನಿಸುತ್ತದೆ.

ನಮ್ಮ ಬೀದಿಗೆ ಫುಟ್‌ಪಾತೇ ಇಲ್ಲ. ಮಳೆ ಬಂದರೆ ತಗ್ಗಿನ ಮೂರು ಮನೆಗಳ ಮುಂದೆ ಮೊಣಕಾಲುದ್ದ ನೀರು. ಅಮ್ಮ ಸಂಜೆ ವಾಕಿಂಗ್ ಹೋಗುವುದು ರಸ್ತೆಯ ನಡುವೆಯೇ, ಹಿಂದಿನಿಂದ ಹಾರನ್ ಹೊಡೆಸಿಕೊಳ್ಳುತ್ತಾ.

ಗೃಹಪ್ರವೇಶವಾಗಿ ಒಂದು ಬೇಸಿಗೆ, ಒಂದು ಮಳೆಗಾಲ ಕಳೆದಿವೆ. ಅಮ್ಮ ಮಧ್ಯಾಹ್ನ ಮೇಲಿನ ಕೋಣೆಯಲ್ಲಿ ಮಂಚದ ಮೇಲೆಯೇ ಮಲಗುತ್ತಾಳೆ, ಒದ್ದೆ ಟವೆಲ್ ಬೇಕಾಗಿಲ್ಲ. ತಾರಸಿ ಸೋರಿಲ್ಲ. ಅಪ್ಪ ಮಾತ್ರ ಮೊದಲ ಜೋರು ಮಳೆಯ ರಾತ್ರಿ ಎರಡು ಸಲ ಎದ್ದು, ಟಾರ್ಚ್ ಹಿಡಿದು ಹೆಂಚಿನ ಸಂದುಗಳನ್ನೆಲ್ಲ ನೋಡಿ ಬಂದರಂತೆ. ನೆಂಟರು ಬಂದರೆ ಮುಂದಿನ ಬಣ್ಣದ ಗೋಡೆ ತೋರಿಸಿ ಆದ ಮೇಲೆ, "ಹಿಂದೆ ಬನ್ನಿ, ಒಂದು ಗೋಡೆ ತೋರಿಸ್ತೀನಿ" ಅಂತ ಕರೆದುಕೊಂಡು ಹೋಗುತ್ತಾರೆ. ಕಪ್ಪುಹಲಗೆ ಒಂದು ಕಡಿಮೆ. ಆ ಮೇಸ್ತ್ರಿ ಈಗ ಇನ್ನೊಬ್ಬರಿಗೆ ಇಲಿಬೋನಿನ ಗೋಡೆ ಕಟ್ಟುತ್ತಿದ್ದಾರೆ, ಹಿಡಿ ಇರುವ ಪಟ್ಟಿಯ ಸಮೇತ.

ಇಂಗುಬಾವಿ ಜೋರು ಮಳೆಯಲ್ಲೂ ತುಂಬಿ ಹೊರಗೆ ಹರಿಯದೆ ನೀರು ಕುಡಿದುಕೊಂಡಿತು. ಆದರೆ ನಮ್ಮೊಬ್ಬರ ಬಾವಿಯಿಂದ ಬೀದಿಯ ನೀರು ಎಷ್ಟು ಇಳಿದೀತು? ಹೋದ ವಾರ ಎದುರುಮನೆಯವರು ಮತ್ತು ತಗ್ಗಿನ ಮನೆಗಳಲ್ಲಿ ಇಬ್ಬರು ಬಂದು ಬಾವಿಯ ಮುಚ್ಚಳ ತೆಗೆಸಿ ಬಗ್ಗಿ ನೋಡಿದರು. "ಎಷ್ಟಾಯ್ತು, ಯಾರು ತೋಡಿದ್ದು?" ಅಂತ ವಿಚಾರಿಸಿದರು. ಅಪ್ಪ ಒಳಗಿನಿಂದ ಹಳೇ ಡೈರಿ ತಂದು ಆ ಅಣ್ಣತಮ್ಮಂದಿರ ಫೋನ್ ನಂಬರ್ ಓದಿ ಹೇಳಿದರು. ಮೂವರೂ ಬರೆದುಕೊಂಡು ಹೋಗಿದ್ದಾರೆ. ಮುಂದಿನ ಮುಂಗಾರಿಗೆ ಮುಂಚೆ ಅವರಲ್ಲಿ ಎಷ್ಟು ಜನ ಫೋನ್ ಮಾಡುತ್ತಾರೆ, ನೋಡಬೇಕು.